ಹಳೆಯ ಕೈಗಡಿಯಾರ ಕೊಳ್ಳುವ ಮುನ್ನ: ಡಯಲ್, ಕೇಸ್, ಮೆಷಿನ್, ಯಾವುದಕ್ಕೆ ಎಷ್ಟು ಬೆಲೆ?

ನಿಧಾನಮುಳ್ಳು

1960ರ ದಶಕದ ಒಮೆಗಾ ಸೀಮಾಸ್ಟರ್ ಒಂದು ಮಾರಾಟಕ್ಕಿದೆ. ಸ್ಟೀಲ್ ಕೇಸ್, 565 ಕ್ಯಾಲಿಬರ್ (ಒಳಗಿನ ಮೆಷಿನ್‌ನ ಮಾದರಿ ಸಂಖ್ಯೆ), ತಾರೀಖಿನ ಕಿಟಕಿ ಇರುವ ಆಟೊಮ್ಯಾಟಿಕ್, ಅಂದರೆ ಕೈಯ ಅಲುಗಾಟದಿಂದಲೇ ಕೀ ಆಗುವಂಥದ್ದು. ಹಾಕಿರುವ ಫೋಟೊ ನಾಲ್ಕೇ: ಓರೆಯಾಗಿ ಹಿಡಿದ ಡಯಲ್, ಕೈಗೆ ಕಟ್ಟಿದ್ದು, ಬ್ಯಾಕ್ ಕವರ್ ಹೊರಗಿನಿಂದ, ಬಕಲ್. ವಿವರಣೆಯಲ್ಲಿ "ಇತ್ತೀಚೆಗೆ ಸರ್ವಿಸ್ ಆಗಿದೆ, ಟೈಮ್ ಸರಿಯಾಗಿ ತೋರಿಸುತ್ತದೆ, ವಯಸ್ಸಿಗೆ ತಕ್ಕ ಸ್ಥಿತಿ" ಎಂದಿದೆ. ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು, ಏನೇನು ಕೇಳಬೇಕು, ಹೇಳಿದ ಬೆಲೆ ಸರಿಯೇ ಎಂದು ಲೆಕ್ಕ ಹಾಕುವುದು ಹೇಗೆ?

ಲೂಪ್‌ಗಣ್ಣು

ಈ ನಾಲ್ಕು ಫೋಟೊ ನೋಡಿ ಯಾರೂ ಏನೂ ಹೇಳಲಾರರು. ಮೊದಲು ಇಷ್ಟನ್ನು ತರಿಸಿಕೊಳ್ಳಿ: ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆದ ಡಯಲ್, ಬೆಲ್ಟ್ ಬಿಚ್ಚಿ ನಾಲ್ಕೂ ಲಗ್‌ಗಳು (ಬೆಲ್ಟ್ ಹಿಡಿಯುವ ಕೇಸಿನ ಚಾಚುಗಳು) ಪಕ್ಕದಿಂದ, ಬ್ಯಾಕ್ ಕವರಿನ ಒಳಮೈ, ತೆರೆದ ಮೆಷಿನ್, ಸೀರಿಯಲ್ ನಂಬರ್ ಕಾಣುವ ಹಾಗೆ ರೋಟರನ್ನು (ತಿರುಗಿ ಕೀ ಕೊಡುವ ತೂಕದ ತಟ್ಟೆ) ಬದಿಗೆ ಸರಿಸಿ, ಕ್ರೌನ್ (ಪಕ್ಕದಲ್ಲಿರುವ ಕೀ ತಿರುಪು) ಹತ್ತಿರದಿಂದ. ಜೊತೆಗೆ ಒಂದು ಸಣ್ಣ ವಿಡಿಯೊ. ಅದರಲ್ಲಿ ಕೀ ಕೊಡಬೇಕು, ಮುಳ್ಳು ತಿರುಗಿಸಬೇಕು, ರಾತ್ರಿ ಹನ್ನೆರಡು ದಾಟಿಸಿ ತಾರೀಖು ಬದಲಾಗುವುದನ್ನು ತೋರಿಸಬೇಕು.

ಗಾಜಿನ ಮೇಲೆ ಬೆಳಕು ಬಿದ್ದು ಡಯಲಿನ ಅರ್ಧ ಕಾಣದಿದ್ದರೆ, ಕಾಣದ ಅರ್ಧದಲ್ಲೇ ಕಲೆ ಇದೆ ಎಂದುಕೊಂಡು ಬೆಲೆ ಕಟ್ಟಿ. ಕಲೆ ಇಲ್ಲದಿದ್ದರೆ ಇನ್ನೊಂದು ಫೋಟೊ ಕಳಿಸಲು ಅವರಿಗೇನೂ ಕಷ್ಟವಿಲ್ಲ.

ನೋಡುವ ಕ್ರಮ: ಡಯಲ್, ಕೇಸ್, ಆಮೇಲೆ ಮೆಷಿನ್. ಒಣಗಿದ ಎಣ್ಣೆ ತೊಳೆದರೆ ಹೋಗುತ್ತದೆ, ಸವೆದ ಚಕ್ರ ಬದಲಿಸಬಹುದು. ಬಣ್ಣ ಬಳಿದ ಡಯಲ್ ಮತ್ತೆ ಮೊದಲಿನಂತಾಗುವುದಿಲ್ಲ, ಉಜ್ಜಿ ಹೋದ ಲೋಹ ಮರಳಿ ಬರುವುದಿಲ್ಲ. ಸಾಮಾನ್ಯ ಮಾದರಿಗಳಲ್ಲಿ ಬೆಲೆಯ ಹೆಚ್ಚು ಪಾಲು ಕೂತಿರುವುದು ಡಯಲಿನ ಆ ತೆಳು ತಗಡಿನ ಮೇಲೆಯೇ.

ಡಯಲ್‌ಶೋಧಕ

ರೀಡಯಲ್, ಅಂದರೆ ಮತ್ತೆ ಬಣ್ಣ ಬಳಿದು ಮುದ್ರಿಸಿದ ಡಯಲ್, ಹಿಡಿಯುವ ಬಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

10 ಪಟ್ಟು ಹಿಗ್ಗಿಸುವ ಲೂಪ್ ಸಾಕು. ಮೊದಲು ಅಕ್ಷರಗಳ ಅಂಚು ನೋಡಿ. ಕಾರ್ಖಾನೆಯ ಮುದ್ರಣದಲ್ಲಿ ಮಸಿ ಡಯಲಿನ ಮೇಲೆ ಸ್ವಲ್ಪ ಉಬ್ಬಿ ನಿಂತಿರುತ್ತದೆ, ಅಂಚು ಕತ್ತರಿಸಿದಂತೆ ಇರುತ್ತದೆ. ಮರುಬಳಿದ ಡಯಲಿನಲ್ಲಿ ಗೆರೆಗಳ ದಪ್ಪ ಒಂದೇ ಸಮ ಇರುವುದಿಲ್ಲ, ಅಕ್ಷರದ ತುದಿಯ ಅಡ್ಡಗೆರೆಗಳು ಮೊಂಡಾಗಿರುತ್ತವೆ. ಕೂಡಕ್ಷರದಲ್ಲಿ ಬರೆದ "ಸೀಮಾಸ್ಟರ್" ಪದದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಹೋಗುವ ಎಳೆ ಎಲ್ಲಿ ತೆಳುವಾಗುತ್ತದೆ, ಎಲ್ಲಿ ದಪ್ಪವಾಗುತ್ತದೆ ಎಂಬುದನ್ನು ಅದೇ ಮಾದರಿಯ ಬೇರೆ ನಾಲ್ಕಾರು ವಾಚುಗಳ ಜೊತೆ ಹೋಲಿಸಿ. ಒಂದೇ ಒಂದರ ಜೊತೆ ಹೋಲಿಸಬೇಡಿ, ಆ ಒಂದೂ ರೀಡಯಲ್ ಆಗಿರಬಹುದು.

ಎರಡನೆಯದು ಕೆಳತುದಿಯ "ಸ್ವಿಸ್ ಮೇಡ್". ಅದು 6ರ ಗುರುತಿನ ಕೆಳಗೆ, ಅಂಚಿಗೆ ಒತ್ತಿಕೊಂಡು ಇರಬೇಕು. ಮರುಬಳಿಯುವವರು ಅದನ್ನು ಮೇಲಕ್ಕೆ ತರುತ್ತಾರೆ, ಇಲ್ಲವೇ ಮರೆತೇ ಬಿಡುತ್ತಾರೆ.

ಮೂರನೆಯದು ನಿಮಿಷದ ಗೆರೆಗಳು. ಅಂಟಿಸಿದ ಲೋಹದ ಗುರುತುಗಳ ನಟ್ಟನಡುವೆ ಗೆರೆ ಬಂದು ನಿಲ್ಲಬೇಕು. ಒಂದು ಕಡೆ ಸರಿಯಿದ್ದು ಎದುರು ಕಡೆ ಕೂದಲೆಳೆಯಷ್ಟು ಜಾರಿದ್ದರೆ ಅನುಮಾನ ಪಡಿ. ಸೆಕೆಂಡಿನ ಪುಟ್ಟ ವೃತ್ತ ಇರುವ ಡಯಲಿನಲ್ಲಿ ವೃತ್ತದ ಕೇಂದ್ರ ಮತ್ತು ಮುಳ್ಳಿನ ತೂತು ಒಂದೇ ಆಗಿರಬೇಕು. ತಗ್ಗಿನ ಅಂಚಿಗೂ ಅಚ್ಚಿನ ಗೆರೆಗೂ ನಡುವಿನ ಅಂತರ ಸುತ್ತಲೂ ಸಮವಾಗಿರಬೇಕು.

ನಾಲ್ಕನೆಯದು ಗುರುತುಗಳ ಬುಡ. ಬಣ್ಣ ಅಲ್ಲಿ ಮಡುಗಟ್ಟಿ ನಿಂತಿದ್ದರೆ ಗುರುತುಗಳನ್ನು ತೆಗೆಯದೆ ಮೇಲೆಯೇ ಬಳಿದಿದ್ದಾರೆ. ಮುಳ್ಳುಗಳು ಮಬ್ಬಾಗಿ, ತುಕ್ಕಿನ ಚುಕ್ಕೆ ಹಿಡಿದು, ಡಯಲ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಅದೇ ಕಥೆ. ಎರಡೂ ಒಂದೇ ಗಾಜಿನ ಕೆಳಗೆ, ಒಂದೇ ಗಾಳಿಯಲ್ಲಿ ಇದ್ದವಲ್ಲ.

ಮೆಷಿನ್ ಹೊರತೆಗೆದಾಗ ಡಯಲಿನ ಅಂಚಿನಲ್ಲಿ ಅರದಿಂದ ತಿಕ್ಕಿದ ಸಣ್ಣ ಕಚ್ಚು, ಹಿಂಭಾಗದಲ್ಲಿ ಕೈಯಲ್ಲಿ ಗೀಚಿದ ನಂಬರ್ ಕಂಡರೆ ಹೆಚ್ಚಾಗಿ ಮರುಬಳಿಯುವ ಅಂಗಡಿಯ ಗುರುತು. ಮುದ್ರಣಕ್ಕೆ ಡಯಲನ್ನು ಸರಿಯಾಗಿ ಕೂರಿಸಲು ಆ ಕಚ್ಚು ಮಾಡುತ್ತಾರೆ.

ರೀಡಯಲ್ ಎಂದರೆ ಮುಟ್ಟಲೇಬಾರದು ಎಂದಲ್ಲ. ದಿನವೂ ಕಟ್ಟಿಕೊಳ್ಳಲು ಬೇಕಿದ್ದರೆ, ಒಳ್ಳೆಯ ಕೆಲಸವಾಗಿದ್ದರೆ ಕೊಳ್ಳಿ. ಆದರೆ ಮೂಲ ಡಯಲಿನ ವಾಚಿಗೆ ಸಿಗುವ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ.

ಬ್ಯಾಲೆನ್ಸ್‌ವೀಲ್

"ಮೊದಲು ಡಯಲ್" ಅನ್ನೋದು 565ಕ್ಕೆ ಸರಿ, ಅದರ ಬಿಡಿಭಾಗ ಈಗಲೂ ಸಿಗುತ್ತೆ. ಎಲ್ಲಾ ವಾಚಿಗೂ ಅದೇ ಸೂತ್ರ ಹಾಕಿದರೆ ಪೆಟ್ಟು ತಿಂತೀರಿ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕ್ಯಾಲಿಬರ್, ಹಳೇ ಕ್ರೊನೊಗ್ರಾಫ್ (ಸ್ಟಾಪ್‌ವಾಚ್ ಕೂಡ ಇರೋ ವಾಚು), ಅಲಾರಂ ವಾಚು, ಇವುಗಳಲ್ಲಿ ಒಂದು ಲಿವರ್ ಮುರಿದರೆ ಇನ್ನೊಂದು ಮೆಷಿನ್ ಕೊಂಡು ಅದರಿಂದ ಕಿತ್ತು ಹಾಕಬೇಕು. ಅಂಥ ಕಡೆ ಡಯಲ್ ಎಷ್ಟೇ ಚೆನ್ನಾಗಿದ್ದರೂ ಮೊದಲು ಮೆಷಿನ್.

565ಕ್ಕೆ ಬರೋಣ. ಫೋಟೊದಲ್ಲಿ ನೋಡಬೇಕಾದ್ದು:

ಬಣ್ಣ. 565 ಸೇರಿದಂತೆ ಒಮೆಗಾದ 550 ಸರಣಿಯ ಮೆಷಿನ್‌ಗಳಿಗೆ ತಾಮ್ರದ ಛಾಯೆಯ ಲೇಪನ. ಎಲ್ಲಾ ಬ್ರಿಡ್ಜ್‌ಗಳ (ಚಕ್ರಗಳನ್ನು ಮೇಲಿನಿಂದ ಹಿಡಿಯೋ ತಟ್ಟೆಗಳು) ಛಾಯೆ ಒಂದೇ ಇರಬೇಕು. ಒಂದು ಭಾಗ ಬಿಳಚಿಕೊಂಡು ಪಕ್ಕದ್ದು ಕೆಂಪಗಿದ್ದರೆ ಬೇರೆ ಮೆಷಿನ್‌ನಿಂದ ಬಂದಿರಬಹುದು.

ಸ್ಕ್ರೂ. ತಲೆಯ ಸೀಳು ಹರಿದು ಮುಳ್ಳುಮುಳ್ಳಾಗಿದ್ದರೆ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಲ್ಲದ ಕೈ ಒಳಗೆ ಹೋಗಿದೆ. ಹೊರಗೆ ಕಾಣೋ ಸ್ಕ್ರೂವನ್ನೇ ಹೀಗೆ ಮಾಡಿದವರು ಒಳಗಿನ ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರದ ಕೂದಲೆಳೆ ಸ್ಪ್ರಿಂಗ್) ಮುಟ್ಟಿದರೆ ಏನಾಗಿರುತ್ತೆ, ನೀವೇ ಊಹಿಸಿ.

ರೋಟರ್. ಬ್ಯಾಕ್ ಕವರಿನ ಒಳಮೈಯಲ್ಲಿ ಬಿಲ್ಲಿನಾಕಾರದ ಗೀರು ಇದ್ದರೆ ರೋಟರಿನ ಅಚ್ಚು ಸವೆದು ತೂಕದ ಭಾಗ ಕೆಳಗೆ ಜೋತಿದೆ. ವಾಚನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿದರೆ ಕರಕರ ಸದ್ದು ಬರುತ್ತೆ.

ತುಕ್ಕು. ಕ್ರೌನ್ ಇರೋ ಕಡೆ, ಸ್ಟೆಮ್ (ಕ್ರೌನನ್ನು ಮೆಷಿನ್‌ಗೆ ಜೋಡಿಸೋ ಕಡ್ಡಿ) ಸುತ್ತ ನೋಡಿ. ನೀರು ಒಳಗೆ ಬರೋ ದಾರಿ ಅದೇ. ನೀರು ತಡೆಯೋ ಹಳೇ ರಬ್ಬರ್ ಗ್ಯಾಸ್ಕೆಟ್ ಕರಗಿ ಟಾರಿನ ಹಾಗೆ ಅಂಟಿಕೊಂಡಿದ್ದರೆ "ಇತ್ತೀಚಿನ ಸರ್ವಿಸ್" ಮಾತನ್ನು ಅಲ್ಲಿಗೇ ಬಿಡಿ. ಸರ್ವಿಸ್ ಮಾಡಿದವರು ಮೊದಲು ಬದಲಿಸೋದು ಅದನ್ನೇ.

ಹೊಸಗಿರಾಕಿ

ಟೈಮ್‌ಗ್ರಾಫರ್ (ವಾಚಿನ ಟಿಕ್ ಸದ್ದು ಕೇಳಿ ಓಟ ಅಳೆಯೋ ಯಂತ್ರ) ಫೋಟೊ ಹಾಕಿದ್ದರೆ ಅದನ್ನು ಓದೋದು ಹೇಗೆ?

ಬ್ಯಾಲೆನ್ಸ್‌ವೀಲ್

ಪರದೆಯಲ್ಲಿ ಮುಖ್ಯವಾಗಿ ನಾಲ್ಕು ಸಂಖ್ಯೆ ಇರುತ್ತೆ: ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು-ಕಡಿಮೆ, ಆಂಪ್ಲಿಟ್ಯೂಡ್, ಬೀಟ್ ಎರರ್, ಲಿಫ್ಟ್ ಆಂಗಲ್. ಎಲ್ಲರೂ ಮೊದಲನೆಯದನ್ನೇ ನೋಡ್ತಾರೆ. ಅದು ಇರೋದರಲ್ಲೇ ಕಡಿಮೆ ಮುಖ್ಯದ್ದು, ವೇಗ ಹೊಂದಿಸೋ ರೆಗ್ಯುಲೇಟರ್ ಕಡ್ಡಿ ಸರಿಸಿದರೆ ಬದಲಾಗುತ್ತೆ.

ಆಂಪ್ಲಿಟ್ಯೂಡ್ ಅಂದರೆ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತೆ ಅನ್ನೋದು. ಪೂರ್ತಿ ಕೀ ಕೊಟ್ಟು, ಡಯಲ್ ಮೇಲಕ್ಕೆ ಇಟ್ಟಾಗ 270ರಿಂದ 310 ಇದ್ದರೆ ಆರೋಗ್ಯ ಚೆನ್ನಾಗಿದೆ. ಹಳೇ ವಾಚಿಗೆ 250 ಒಪ್ಪಬಹುದು. 200ರ ಕೆಳಗಿದ್ದರೆ ಸರ್ವಿಸ್ ಖರ್ಚು ಖಚಿತ. ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿದಾಗ 20ರಿಂದ 40 ಡಿಗ್ರಿ ಇಳಿಯೋದು ಸಹಜ. ಡಯಲ್ ಮೇಲೆ, ಡಯಲ್ ಕೆಳಗೆ, ಈ ಎರಡರ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಬ್ಯಾಲೆನ್ಸ್ ಅಚ್ಚಿನ ಒಂದು ತುದಿ ಸವೆದಿರಬಹುದು, ಇಲ್ಲಾ ಒಂದು ಕಡೆಯ ಜ್ಯುವೆಲ್‌ನಲ್ಲಿ (ಅಚ್ಚು ಕೂರೋ ಹರಳು) ಕೊಳೆ ಇರಬಹುದು. 330 ದಾಟಿದರೆ ಅದೂ ಒಳ್ಳೇದಲ್ಲ. ಬ್ಯಾಲೆನ್ಸ್‌ಗೆ ಅಂಟಿದ ಇಂಪಲ್ಸ್ ಜ್ಯುವೆಲ್ ತಿರುಗಿ ಬಂದು, ಅದನ್ನು ತಳ್ಳೋ ಫೋರ್ಕ್‌ನ ಹೊರಬದಿಗೆ ಬಡಿಯುತ್ತೆ, ವಾಚು ವಿಪರೀತ ಮುಂದೆ ಓಡುತ್ತೆ.

ಬೀಟ್ ಎರರ್, ಅಂದರೆ ಟಿಕ್ ಮತ್ತು ಟಾಕ್ ನಡುವಿನ ಸಮಯದ ಅಸಮತೆ, 0.5 ಮಿಲಿಸೆಕೆಂಡಿನ ಒಳಗೆ ಇದ್ದರೆ ಬಹಳ ಒಳ್ಳೇದು, 1ರವರೆಗೂ ಬದುಕಬಹುದು. ಸ್ಟಡ್ (ಹೇರ್‌ಸ್ಪ್ರಿಂಗಿನ ಹೊರತುದಿ ಹಿಡಿಯೋ ಗೂಟ) ಅಲುಗಾಡದ ಹಳೇ ಮೆಷಿನ್‌ಗಳಲ್ಲಿ ಇದನ್ನು ಸರಿಪಡಿಸಲು ಬ್ಯಾಲೆನ್ಸ್ ಹೊರತೆಗೆದು ಕಾಲೆಟ್ (ಒಳತುದಿ ಹಿಡಿಯೋ ಉಂಗುರ) ತಿರುಗಿಸಬೇಕು. ನಾಜೂಕಿನ ಕೆಲಸ, ಅದಕ್ಕೇ ಎಷ್ಟೋ ಜನ ಹಾಗೇ ಬಿಟ್ಟಿರ್ತಾರೆ.

ಮೋಸ ನಡೆಯೋದು ಲಿಫ್ಟ್ ಆಂಗಲ್‌ನಲ್ಲಿ, ಅಂದರೆ ಆಂಪ್ಲಿಟ್ಯೂಡ್ ಲೆಕ್ಕ ಹಾಕೋಕೆ ಯಂತ್ರಕ್ಕೆ ನಾವು ಕೊಡೋ, ಪ್ರತಿ ಕ್ಯಾಲಿಬರಿಗೂ ಬೇರೆಯಾಗೋ ಕೋನದಲ್ಲಿ. ಯಂತ್ರ ತಾನಾಗಿ 52ಕ್ಕೆ ಇರುತ್ತೆ. 565ಕ್ಕೆ ಹಾಕಬೇಕಾದ್ದು 49. 52ಕ್ಕೇ ಬಿಟ್ಟರೆ ನಿಜವಾದ 250 ಪರದೆಯಲ್ಲಿ 265 ಅಂತ ಕಾಣುತ್ತೆ. ಫೋಟೊದಲ್ಲಿ ಆ ಸಂಖ್ಯೆಯನ್ನೇ ಕತ್ತರಿಸಿದ್ದರೆ ಕೇಳಿ. ಬೀಟ್, ಅಂದರೆ ಗಂಟೆಗೆ ಎಷ್ಟು ಟಿಕ್ ಅನ್ನೋದು, 19,800 ಅಂತ ಇರಬೇಕು.

ಇನ್ನೊಂದು. ಟೈಮ್‌ಗ್ರಾಫರ್‌ನಲ್ಲಿ ಎಲ್ಲಾ ಸರಿ ಇದ್ದೂ ವಾಚು ದಿನಕ್ಕೆ ಅರ್ಧ ಗಂಟೆ ಹಿಂದೆ ಬೀಳಬಹುದು. ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳು ಕೂರೋ ಕೊಳವೆ) ಸಡಿಲವಾಗಿದ್ದರೆ ಮೆಷಿನ್ ಸರಿಯಾಗಿ ಓಡುತ್ತೆ, ಮುಳ್ಳು ಮಾತ್ರ ಜಾರುತ್ತೆ. ಯಂತ್ರ ಕೇಳಿಸಿಕೊಳ್ಳೋದು ಟಿಕ್ ಟಿಕ್ ಅನ್ನೋ ಎಸ್ಕೇಪ್‌ಮೆಂಟಿನ ಸದ್ದನ್ನು, ಮುಳ್ಳನ್ನಲ್ಲ. ಆದ್ದರಿಂದ ಒಂದು ಪೂರ್ತಿ ದಿನದ ಮೊದಲು ಮತ್ತು ನಂತರ, ಫೋನಿನ ಗಡಿಯಾರದ ಪಕ್ಕ ಇಟ್ಟು ತೆಗೆದ ಎರಡು ಫೋಟೊ ಕೇಳಿ.

ಹೊಸಗಿರಾಕಿ

ಫೋನಿನ ಆ್ಯಪ್‌ನಲ್ಲಿ ಅಳೆದರೆ ನಡೆಯುತ್ತಾ?

ಬ್ಯಾಲೆನ್ಸ್‌ವೀಲ್

ದಿನದ ಸೆಕೆಂಡಿಗೆ ಮತ್ತು ಬೀಟ್ ಎರರ್‌ಗೆ ಪರವಾಗಿಲ್ಲ, ಸುತ್ತ ಗಲಾಟೆ ಇರಬಾರದು ಅಷ್ಟೆ. ಆಂಪ್ಲಿಟ್ಯೂಡ್‌ಗೆ ನಂಬಬೇಡಿ.

ಕೇಸ್‌ಕಾವಲು

ಕೇಸಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ.

ಪಾಲಿಶ್ ಎಷ್ಟಾಗಿದೆ ಎಂದು ತಿಳಿಯಲು ಲಗ್‌ಗಳನ್ನು ಜೋಡಿಜೋಡಿಯಾಗಿ ಹೋಲಿಸಬೇಕು. ನಾಲ್ಕರ ಅಗಲವೂ ಒಂದೇ ಇರಬೇಕು, ತುದಿಗಳು ಕಾರ್ಖಾನೆಯಲ್ಲಿ ಚೂಪಾಗಿದ್ದ ಮಾದರಿಯಲ್ಲಿ ಈಗಲೂ ಚೂಪಾಗಿಯೇ ಇರಬೇಕು. ಗೆರೆಗೆರೆಯ ಬ್ರಷ್ ಮೈಯೂ ಕನ್ನಡಿಯಂಥ ಮೈಯೂ ಸೇರುವ ಕಡೆ ಗೆರೆ ಎಳೆದಂತೆ ಅಂಚು ಕಾಣಬೇಕು. ಆ ಅಂಚು ಕರಗಿ ಒಂದರೊಳಗೊಂದು ಇಳಿದಿದ್ದರೆ ಬಫಿಂಗ್ ಚಕ್ರಕ್ಕೆ ಕೊಟ್ಟಿದ್ದಾರೆ. ಲಗ್‌ನ ಪಕ್ಕಕ್ಕೆ ತೂತು ಇರುವ ಮಾದರಿಗಳಲ್ಲಿ ತೂತಿನಿಂದ ಅಂಚಿನವರೆಗಿನ ಲೋಹ ನಾಲ್ಕು ಕಡೆಯೂ ಸಮವಾಗಿದೆಯೇ ನೋಡಿ. ತೂತಿನ ಬಾಯಿ ಬಟ್ಟಲಿನಂತೆ ಅಗಲವಾಗಿದ್ದರೂ ಪಾಲಿಶ್ ಜಾಸ್ತಿಯಾಗಿದೆ ಎಂದರ್ಥ.

ಒಮೆಗಾದಲ್ಲಿ ಇನ್ನೊಂದು ಅನುಕೂಲವಿದೆ. ಸೀಮಾಸ್ಟರ್‌ಗಳ ಬ್ಯಾಕ್ ಕವರ್ ಮೇಲೆ ಸಮುದ್ರಕುದುರೆಯ ಉಬ್ಬುಚಿತ್ರ, ಕಾನ್‌ಸ್ಟೆಲೇಶನ್ ಮೇಲೆ ವೀಕ್ಷಣಾಲಯ. ಅದರ ಉಬ್ಬು ಎಷ್ಟು ಉಳಿದಿದೆ ಎಂಬುದು ಕೇಸ್ ಎಷ್ಟು ಉಜ್ಜಿಸಿಕೊಂಡಿದೆ ಎಂದು ಹೇಳುತ್ತದೆ. ಕುದುರೆ ನುಣ್ಣಗಾಗಿ ಲಗ್ ಮಾತ್ರ ಚೂಪಾಗಿದ್ದರೆ ಬ್ಯಾಕ್ ಕವರ್ ಬೇರೆ ವಾಚಿನದು, ಇಲ್ಲವೇ ಕೇಸನ್ನು ಮತ್ತೆ ಕಡೆದು ಅಂಚು ತಂದಿದ್ದಾರೆ.

ಚಿನ್ನದ ಲೇಪನ ಇರುವ ವಾಚಿಗೆ ಬೇರೆ ನಿಯಮ. "20 ಮೈಕ್ರಾನ್", "10 ಮೈಕ್ರಾನ್" ಎಂದು ಕೆತ್ತಿರುವುದು ಲೇಪನದ ದಪ್ಪ. ಮೊದಲು ಸವೆಯುವುದು ಲಗ್‌ಗಳ ಮೂಲೆ, ಆಮೇಲೆ ಕ್ರೌನ್ ಪಕ್ಕ ಮತ್ತು ಮಣಿಕಟ್ಟಿಗೆ ತಾಗುವ ಕೆಳಮೈ. ಒಳಗಿನ ಹಿತ್ತಾಳೆಯೋ ಬಿಳಿ ಲೋಹವೋ ಒಮ್ಮೆ ಕಂಡಿತೆಂದರೆ ಅದು ಹಬ್ಬುತ್ತಲೇ ಹೋಗುತ್ತದೆ. ಮತ್ತೆ ಲೇಪಿಸಲು ಮೊದಲು ಉಜ್ಜಲೇಬೇಕು, ಆಗ ಅಂಚುಗಳು ಹೋಗುತ್ತವೆ. ಗಟ್ಟಿ ಚಿನ್ನದ್ದಾದರೆ ಹಾಲ್‌ಮಾರ್ಕ್ ನೋಡಿ: 18 ಕ್ಯಾರೆಟ್‌ಗೆ 750, 14ಕ್ಕೆ 585. 1995ಕ್ಕೆ ಮುಂಚಿನ ಸ್ವಿಸ್ ಕೇಸಾದರೆ 18ಕ್ಕೆ ಹೆಲ್ವೇಶಿಯಾ ಎಂಬ ಸ್ತ್ರೀಮುಖ, 14ಕ್ಕೆ ಅಳಿಲು. ಬ್ಯಾಕ್ ಕವರ್ ಸ್ಟೀಲ್ ಎಂದು ಬರೆದುಕೊಂಡಿದ್ದರೆ ಮುಂಭಾಗ ಗಟ್ಟಿ ಚಿನ್ನ ಎಂಬ ಮಾತನ್ನು ಹಾಲ್‌ಮಾರ್ಕ್ ತೋರಿಸುವವರೆಗೆ ಒಪ್ಪಬೇಡಿ.

ಗಾಜಿನ ಗೀರಿಗೆ ಹೆದರಬೇಡಿ. ಆ ಕಾಲದ್ದು ಅಕ್ರಿಲಿಕ್, ಪಾಲಿಶ್ ಪೇಸ್ಟ್‌ನಿಂದ ತಿಕ್ಕಿದರೆ ಹೋಗುತ್ತದೆ. ಬಿರುಕು ಇದ್ದರೆ ಮಾತ್ರ ಬದಲಿಸಬೇಕು, ಅದೂ ದುಬಾರಿ ಕೆಲಸವಲ್ಲ. ಒಮೆಗಾದ ಮೂಲ ಗಾಜಿನ ನಡುವೆ ಒಳಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಲಾಂಛನ ಇರುತ್ತದೆ, ಲೂಪ್‌ನಲ್ಲಿ ಹುಡುಕಿ.

ಡಯಲ್‌ಶೋಧಕ

ಪಾಲಿಶ್ ಬಗ್ಗೆ ಸ್ವಲ್ಪ ಭಿನ್ನಮತ. ದಶಕಗಳ ಕಾಲ ಬಳಸಿದ ಸ್ಟೀಲ್ ಕೇಸಿಗೆ ಒಮ್ಮೆ ಹದವಾಗಿ ಪಾಲಿಶ್ ಆಗಿದ್ದರೆ ಬೆಲೆ ನೆಲಕಚ್ಚುವುದಿಲ್ಲ. ಆಕಾರ ಉಳಿದಿದೆಯೇ ಎನ್ನುವುದಷ್ಟೇ ಪ್ರಶ್ನೆ. "ಪಾಲಿಶ್ ಆಗಿಲ್ಲ" ಎಂದು ಬರೆದು ದುಪ್ಪಟ್ಟು ಕೇಳುವ ವಾಚುಗಳಲ್ಲಿ ಅರ್ಧಕ್ಕರ್ಧ ಪಾಲಿಶ್ ಆದವೇ.

ಕೇಸ್‌ಕಾವಲು

ಒಪ್ಪುತ್ತೇನೆ, ಸೀಮಾಸ್ಟರ್ ಮಟ್ಟಿಗೆ. ಸಂಗ್ರಾಹಕರು ಮುಗಿಬೀಳುವ ಡೈವರ್ (ಮುಳುಗುಗಾರರ ವಾಚು) ಮತ್ತು ಕ್ರೊನೊಗ್ರಾಫ್‌ಗಳಲ್ಲಿ ಲಗ್‌ನ ಓರೆ ಅಂಚಿಗೇ ಬೆಲೆ. ಅಲ್ಲಿ ಹದವಾದ ಪಾಲಿಶ್ ಕೂಡ ದುಬಾರಿ.

ಕತ್ತಲೆಬೆಳಕು

ಕತ್ತಲಲ್ಲಿ ಹೊಳೆಯುವ ಲೇಪ ಇರುವ ವಾಚಾದರೆ ಒಂದು ಯುವಿ ಟಾರ್ಚ್ ಇಟ್ಟುಕೊಳ್ಳಿ.

1960ರ ದಶಕದ ಆರಂಭದವರೆಗೆ ರೇಡಿಯಂ, ಆಮೇಲೆ 1990ರ ದಶಕದ ಕೊನೆಯವರೆಗೆ ಹೆಚ್ಚಾಗಿ ಟ್ರಿಟಿಯಂ, ಅದಾದ ಮೇಲೆ ವಿಕಿರಣವಿಲ್ಲದ ಸೂಪರ್-ಲ್ಯೂಮಿನೋವಾ. ಟ್ರಿಟಿಯಂ ಇದ್ದರೆ 6ರ ಕೆಳಗೆ "ಟಿ ಸ್ವಿಸ್ ಟಿ" ಅಥವಾ "ಟಿ ಸ್ವಿಸ್ ಮೇಡ್ ಟಿ" ಎಂದಿರುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ, ಹಾಗಾಗಿ 1960ರ ದಶಕದ್ದು ಈಗ ತಾನಾಗಿ ಹೊಳೆಯುವುದಿಲ್ಲ. ಟಾರ್ಚ್ ಬಿಟ್ಟಾಗ ಬೆಳಗಿ, ಆರಿಸಿದ ಕೂಡಲೇ ಅಥವಾ ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತಿದ್ದರೆ ಲೇಪ ಹೊಸದು. ಡಯಲ್ ಒಂದು ರೀತಿ, ಮುಳ್ಳು ಇನ್ನೊಂದು ರೀತಿ ವರ್ತಿಸಿದರೆ ಒಂದನ್ನು ಬದಲಿಸಿದ್ದಾರೆ, ಇಲ್ಲವೇ ಮತ್ತೆ ತುಂಬಿದ್ದಾರೆ.

ಮುಳ್ಳು ಬದಲಾಗಿದೆಯೇ ಎಂದು ತಿಳಿಯಲು ರೇಡಿಯಂ ವಾಚಿನಲ್ಲಿ ಇನ್ನೊಂದು ಉಪಾಯವಿದೆ. ವರ್ಷಗಟ್ಟಲೆ ಡ್ರಾಯರಿನಲ್ಲಿ ನಿಂತಿದ್ದ ವಾಚಿನ ಮುಳ್ಳು ಡಯಲಿನ ಮೇಲೆ ಕಂದು ನೆರಳು ಸುಟ್ಟಿರುತ್ತದೆ. ಆ ನೆರಳಿನ ಆಕಾರಕ್ಕೂ ಈಗಿರುವ ಮುಳ್ಳಿನ ಆಕಾರಕ್ಕೂ ಹೊಂದದಿದ್ದರೆ ಮುಳ್ಳು ಬೇರೆ ವಾಚಿನದು.

ಎಚ್ಚರಿಕೆ: ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಸತ್ತಿರುವುದು ಅದರಲ್ಲಿ ಬೆರೆಸಿದ ಸತುವಿನ ಸಲ್ಫೈಡ್ ಹಾಳಾದ್ದರಿಂದ, ವಿಕಿರಣ ಹಾಗೇ ಇದೆ. ಮುಚ್ಚಿದ ವಾಚು ಕಟ್ಟಿಕೊಳ್ಳುವುದಕ್ಕಿಂತ ದೊಡ್ಡ ಅಪಾಯ ಅದರ ಪುಡಿ ಉಸಿರಿಗೆ ಹೋಗುವುದು. ಗಾಜು ತೆಗೆದು ಕೆರೆಯಬೇಡಿ, ಊದಬೇಡಿ.

ಹೊಸಗಿರಾಕಿ

ಮುಳ್ಳಿನ ಉದ್ದದ ಬಗ್ಗೆ ಏನಾದರೂ ನಿಯಮ ಇದೆಯಾ?

ಕತ್ತಲೆಬೆಳಕು

ನಿಮಿಷದ ಮುಳ್ಳು ನಿಮಿಷದ ಗೆರೆ ಮುಟ್ಟಬೇಕು, ಗಂಟೆಯ ಮುಳ್ಳು ಗುರುತುಗಳ ಒಳತುದಿಯ ಹತ್ತಿರ ನಿಲ್ಲಬೇಕು. ಗಿಡ್ಡ ನಿಮಿಷದ ಮುಳ್ಳು ಕಂಡರೆ ಅದು ಬೇರೆ ಕಡೆಯಿಂದ ಬಂದದ್ದು ಎಂದುಕೊಳ್ಳಿ. ಸೆಕೆಂಡಿನ ಮುಳ್ಳು ಸುಲಭವಾಗಿ ಕಳೆದುಹೋಗುವ ಭಾಗ, ಅದನ್ನು ಪ್ರತ್ಯೇಕವಾಗಿ ಹೋಲಿಸಿ.

ಗುಂಡಿಒತ್ತು

ಕ್ರೊನೊಗ್ರಾಫ್ ಕೊಳ್ಳುವವರಿಗೆ ಎರಡು ಮಾತು. ರೀಸೆಟ್ ಒತ್ತಿದಾಗ ಎಲ್ಲಾ ಮುಳ್ಳುಗಳು ಸೊನ್ನೆಯ ಮೇಲೆ ಸರಿಯಾಗಿ ಬಂದು ಕೂರಬೇಕು. ಪ್ರತಿ ಸಲ ಬೇರೆ ಕಡೆ ನಿಂತರೆ ಮುಳ್ಳಿನ ಕೊಳವೆಯೋ ಹಾರ್ಟ್ ಕ್ಯಾಮ್ (ಮುಳ್ಳನ್ನು ಸೊನ್ನೆಗೆ ತರುವ ಹೃದಯಾಕಾರದ ತುಂಡು) ಹಿಡಿತವೋ ಸಡಿಲ. ಅಡ್ಡ ಕ್ಲಚ್ (ಪಕ್ಕದಿಂದ ಸರಿದು ಹಲ್ಲು ಕಚ್ಚುವ ಚಕ್ರ) ಇರುವ ಹಳೆಯ ಮೆಷಿನ್‌ಗಳಲ್ಲಿ ಕ್ರೊನೊ ಓಡಿಸಿದಾಗ ಆಂಪ್ಲಿಟ್ಯೂಡ್ 20-30 ಡಿಗ್ರಿ ಇಳಿಯುತ್ತದೆ, ಅದು ಸಹಜ. ವಾಚೇ ನಿಂತುಹೋದರೆ ಅಲ್ಲ.

ಲ್ಯಾಂಡರಾನ್ 48 ಎಂಬ ಕ್ರೊನೊಗ್ರಾಫ್ ಮೆಷಿನ್ ಇದ್ದರೆ ಒಂದು ವಿಶೇಷ. ಮೇಲಿನ ಗುಂಡಿ ಓಡಿಸಲು ಮಾತ್ರ, ನಿಲ್ಲಿಸುವುದೂ ಸೊನ್ನೆಗೆ ತರುವುದೂ ಕೆಳಗಿನ ಗುಂಡಿ. ಇದು ಗೊತ್ತಿಲ್ಲದೆ "ಮೇಲಿನ ಗುಂಡಿ ನಿಲ್ಲಿಸುತ್ತಿಲ್ಲ, ರಿಪೇರಿ ಬೇಕು" ಎಂದು ಕಡಿಮೆ ಬೆಲೆಗೆ ಹಾಕುವವರಿದ್ದಾರೆ. ಕಣ್ಣಿಟ್ಟಿರಿ.

ಐದುನಕ್ಷತ್ರ

ಹಳೇ ಸೈಕೋ ಹುಡುಕೋರಿಗೂ ಇಲ್ಲೇ ಹೇಳಿಬಿಡ್ತೀನಿ. ಬ್ಯಾಕ್ ಕವರ್ ಮೇಲೆ 6139-6002 ಥರ ಎರಡು ಭಾಗದ ನಂಬರ್: ಮೊದಲನೆಯದು ಕ್ಯಾಲಿಬರ್, ಎರಡನೆಯದು ಕೇಸ್. ಸೀರಿಯಲ್‌ನ ಮೊದಲ ಅಂಕಿ ವರ್ಷದ ಕೊನೇ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಅಂಕಿ ಬದಲು ಓ, ಎನ್, ಡಿ ಅಕ್ಷರ. ದಶಕ ಯಾವುದು ಅನ್ನೋದನ್ನು ಮಾದರಿ ನೋಡಿ ನೀವೇ ತೀರ್ಮಾನಿಸಬೇಕು.

ಡಯಲಿನ ತಳದಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಕೋಡ್ ಇರುತ್ತೆ. ಅದು ಕೇಸ್ ನಂಬರಿಗೆ ಪೂರ್ತಿ ಹೊಂದಲ್ಲ, ಹೊಂದಬೇಕಾಗಿಯೂ ಇಲ್ಲ. ಮೊದಲ ನಾಲ್ಕು ಅಂಕಿ, ಅಂದರೆ ಕ್ಯಾಲಿಬರ್, ಹೊಂದಬೇಕು ಅಷ್ಟೆ. ನೀರು ತಡೆಯೋ ಬಗ್ಗೆ ಡಯಲ್ ಮೇಲೆ "ಪ್ರೂಫ್" ಅಂತಿದ್ದು ಬ್ಯಾಕ್ ಕವರ್ ಮೇಲೆ "ರೆಸಿಸ್ಟ್" ಅಂತಿದ್ದರೆ ಎರಡು ವಾಚು ಸೇರಿಸಿ ಒಂದು ಮಾಡಿದ್ದಾರಾ ಅಂತ ಅನುಮಾನ ಪಡಿ. 1970ರ ಸುಮಾರಿಗೆ ಆ ಪದ ಬದಲಾಯಿತು. ಜನಪ್ರಿಯ ಮಾದರಿಗಳಿಗೆ ಹೊಸ ನಕಲಿ ಡಯಲ್ ಬೇಕಾದಷ್ಟಿವೆ, ಬಣ್ಣ ಕಣ್ಣು ಕುಕ್ಕುತ್ತೆ, ಅಚ್ಚು ದಪ್ಪ.

6139ಕ್ಕೆ ಕ್ರೌನ್ ತಿರುಗಿಸಿ ಕೀ ಕೊಡೋಕೆ ಆಗಲ್ಲ, ಅದು ದೋಷ ಅಲ್ಲ. ಅದರ ಬ್ಯಾರೆಲ್ (ಮುಖ್ಯ ಸ್ಪ್ರಿಂಗ್ ಇರೋ ಡಬ್ಬಿ) ಬಿಚ್ಚದೆ ಇಡಿಯಾಗಿ ಬದಲಿಸೋ ಹಾಗೆ ಮಾಡಿದ್ದು, ಆದ್ದರಿಂದ ಸವೆದ ಬ್ಯಾರೆಲ್ ಇದ್ದರೆ ಸರ್ವಿಸ್ ಖರ್ಚು ಏರುತ್ತೆ.

ಲೂಪ್‌ಗಣ್ಣು

ಇನ್ನು ಬೆಲೆ. ಕೇಳುತ್ತಿರುವ ಬೆಲೆಗಳನ್ನು ನೋಡಬೇಡಿ, ಮಾರಾಟವಾಗಿ ಹೋದ ಬೆಲೆಗಳನ್ನು ನೋಡಿ. ತಿಂಗಳುಗಟ್ಟಲೆ ಯಾರೂ ಕೊಳ್ಳದೆ ಬಿದ್ದಿರುವ ವಾಚಿನ ಬೆಲೆ ಮಾರುವವರ ಆಸೆ, ಅಷ್ಟೆ. ಅದೇ ರೆಫರೆನ್ಸ್ (ಕಂಪನಿಯ ಮಾದರಿ ಸಂಖ್ಯೆ), ಅದೇ ಲೋಹ, ಅದೇ ಡಯಲ್ ಬಣ್ಣದ ಐದಾರು ಮಾರಾಟ ಸಿಕ್ಕರೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ನಡುವಿನದನ್ನು ಹಿಡಿಯಿರಿ. ಅದನ್ನು 100 ಎಂದುಕೊಳ್ಳಿ: ಮೂಲ ಡಯಲ್, ಆಕಾರ ಉಳಿದ ಕೇಸ್, ಬಿಲ್ ಇರುವ ಸರ್ವಿಸ್.

ಅದರಿಂದ ಕಳೆಯುತ್ತಾ ಬನ್ನಿ. ಬಿಲ್ ಇಲ್ಲವೆಂದರೆ ಸರ್ವಿಸ್ ಆಗಿಲ್ಲ ಎಂದೇ ಲೆಕ್ಕ. ನಿಮ್ಮ ರಿಪೇರಿಯವರು ಹೇಳುವ ಪೂರ್ತಿ ಮೊತ್ತ ಕಳೆಯಿರಿ. ಸಾಮಾನ್ಯ ಬೆಲೆಯ ವಾಚುಗಳಲ್ಲಿ ಇದೇ ದೊಡ್ಡ ಕಳೆತ, ಕೆಲವೊಮ್ಮೆ ವಾಚಿನ ಬೆಲೆಯ ಕಾಲು ಭಾಗ ದಾಟುತ್ತದೆ. ಕ್ರೌನ್ ಬೇರೆ ಕಂಪನಿಯದ್ದಾದರೆ ಮೂಲ ಕ್ರೌನಿನ ಬೆಲೆ ಹುಡುಕಿ ಕಳೆಯಿರಿ. ಗಾಜು, ಗ್ಯಾಸ್ಕೆಟ್, ಸಾಗಣೆ, ಆಮದು ಸುಂಕ ಬರುವುದಾದರೆ ಅದೂ. ಬೆಲ್ಟಿಗೆ ಬೆಲೆ ಕೊಡಬೇಡಿ, ಮೂಲ ಲೋಹದ ಬ್ರೇಸ್‌ಲೆಟ್ ಆದರೆ ಮಾತ್ರ ಕೊಡಿ. ಡಬ್ಬಿ, ಕಾಗದ ಇದ್ದರೆ ಸ್ವಲ್ಪ ಸೇರಿಸಬಹುದು, ಆದರೆ ಕಾಗದದ ಸೀರಿಯಲ್ ನಂಬರೂ ವಾಚಿನದೂ ಒಂದೇ ಆಗಿರಬೇಕು. ಖಾಲಿ ಡಬ್ಬಿ ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತದೆ.

ಇವೆಲ್ಲ ಖರ್ಚಿನ ಕಳೆತ. ರೀಡಯಲ್, ಕರಗಿದ ಲಗ್, ಬದಲಾದ ಮುಳ್ಳು ಇವು ಮೌಲ್ಯದ ಕಳೆತ. ದುಡ್ಡು ಹಾಕಿ ಸರಿಪಡಿಸಲಾಗದ್ದರಿಂದ ಇವನ್ನು ಶೇಕಡಾವಾರು ಕಳೆಯಬೇಕು, ಮತ್ತೆ ಮಾರುವಾಗ ನಿಮಗೂ ಅಷ್ಟೇ ಕಳೆಯುತ್ತಾರೆ.

ನಿಧಾನಮುಳ್ಳು

ಮಾರುವವರು ಫೋಟೊ, ವಿಡಿಯೊ ಕಳಿಸಿದ್ದಾರೆ. ಕಂಡದ್ದು ಇಷ್ಟು:

ಡಯಲ್ ಬೆಳ್ಳಿ ಬಣ್ಣ, "ಟಿ ಸ್ವಿಸ್ ಮೇಡ್ ಟಿ" ಅಂಚಿಗೆ ಒತ್ತಿಕೊಂಡಿದೆ, 4 ಮತ್ತು 5ರ ನಡುವೆ ಸಣ್ಣ ಕಂದು ಚುಕ್ಕೆಗಳು. ಗುರುತಿನ ತುದಿಯ ಲೇಪ ಕೆನೆ ಬಣ್ಣ, ಮುಳ್ಳಿನದು ಬಿಳಿ. ಮೆಷಿನ್ ತಾಮ್ರದ ಬಣ್ಣ, ಎಲ್ಲಾ ಭಾಗಕ್ಕೂ ಒಂದೇ ಛಾಯೆ. ಬ್ಯಾಕ್ ಕವರ್ ಒಳಗೆ ತೆಳು ಬಿಲ್ಲಿನ ಗೀರು. ಎಡಗಡೆಯ ಎರಡು ಲಗ್ ಬಲಗಡೆಯದಕ್ಕಿಂತ ಸ್ವಲ್ಪ ಸಣ್ಣ ಅನ್ನಿಸುತ್ತೆ. ಕ್ರೌನ್ ಮೇಲೆ ಲಾಂಛನ ಇದೆ. ಕ್ರೌನ್ ಹೊರಗೆ ಎಳೆದರೆ ತಾರೀಖು ಹಾರುತ್ತೆ. ಟೈಮ್‌ಗ್ರಾಫರ್: ದಿನಕ್ಕೆ 8 ಸೆಕೆಂಡು ಮುಂದೆ, 241 ಡಿಗ್ರಿ, 0.6, ಲಿಫ್ಟ್ ಆಂಗಲ್ 52. ಬಿಲ್ ಇಲ್ಲ.

ಬ್ಯಾಲೆನ್ಸ್‌ವೀಲ್

ಕ್ರೌನ್ ಎಳೆದು ತಾರೀಖು ಬದಲಿಸೋದು 565ರ ಲಕ್ಷಣವೇ, ಅದು ಸರಿ. 562 ಆಗಿದ್ದರೆ ಮುಳ್ಳನ್ನೇ ಹಿಂದೆ-ಮುಂದೆ ತಿರುಗಿಸಬೇಕಿತ್ತು. ಹಾಗಂತ ತಾರೀಖನ್ನು ರಾತ್ರಿ 9ರಿಂದ 3ರ ನಡುವೆ ಎಳೆದು ಬದಲಿಸಬೇಡಿ ಅಂತ ಅವರಿಗೆ ಹೇಳಿ, ಆ ಹೊತ್ತಲ್ಲಿ ಹಲ್ಲುಗಳು ಕಚ್ಚಿಕೊಂಡಿರ್ತವೆ.

52ರಲ್ಲಿ 241 ಅಂದರೆ 49ರಲ್ಲಿ ಸುಮಾರು 227. ಪೂರ್ತಿ ಕೀ ಕೊಟ್ಟು ಅಳೆದದ್ದಾದರೆ ಇತ್ತೀಚೆಗೆ ಸರ್ವಿಸ್ ಆದ ವಾಚಲ್ಲ ಇದು. ಗೀರು ತೆಳುವಾಗಿದ್ದರೂ ರೋಟರಿನ ಅಚ್ಚನ್ನು ಸರ್ವಿಸ್ ಜೊತೆಗೇ ನೋಡಿಸಬೇಕು. ಎರಡೂ ಸೇರಿಸಿ ಕೇಳಿ ಖರ್ಚು ತಿಳ್ಕೊಳ್ಳಿ.

ಡಯಲ್‌ಶೋಧಕ

ಡಯಲ್ ಮೂಲದ್ದು ಎಂದು ಕಾಣುತ್ತದೆ. ಚುಕ್ಕೆಗಳು ಒಳ್ಳೆಯ ಲಕ್ಷಣವೇ, ಬಳಿದಿದ್ದರೆ ಅವು ಇರುತ್ತಿರಲಿಲ್ಲ. ಆದರೆ 4-5ರ ನಡುವೆ ಮಾತ್ರ ಇವೆ, ಕ್ರೌನ್ ಇರುವುದು 3ರಲ್ಲಿ. ತೇವ ಅಲ್ಲಿಂದ ಬಂದಿರಬಹುದು, ಹಾಗಾಗಿ ಸ್ಟೆಮ್ ಹತ್ತಿರ ತುಕ್ಕು ಇದೆಯೇ ಎಂದು ಇನ್ನೊಂದು ಫೋಟೊ ಕೇಳಿ. ಇರುವ ಚುಕ್ಕೆಯನ್ನು ಒರೆಸಿ ತೆಗೆಸಲು ಹೋಗಬೇಡಿ. ಮೇಲಿನ ಲ್ಯಾಕರ್ ಕಿತ್ತು ಅಕ್ಷರವೂ ಜೊತೆಗೆ ಹೋಗುತ್ತದೆ.

ಕತ್ತಲೆಬೆಳಕು

ಮುಳ್ಳಿಗೆ ಹೊಸ ಲೇಪ ತುಂಬಿದ್ದಾರೆ, ಇಲ್ಲವೇ ಮುಳ್ಳೇ ಸರ್ವಿಸ್ ಭಾಗ, ಅಂದರೆ ರಿಪೇರಿಯಲ್ಲಿ ಹಾಕಿದ ಬದಲಿ. ಉದ್ದ, ಆಕಾರ ಸರಿಯಿದ್ದರೆ ದೊಡ್ಡ ಕಳೆತವಲ್ಲ.

ಲೂಪ್‌ಗಣ್ಣು

ನಿಮ್ಮ 100ರಿಂದ ಹೀಗೆ ಬನ್ನಿ. ಸರ್ವಿಸ್ ಮತ್ತು ರೋಟರ್ ಅಚ್ಚು ಸೇರಿ ರಿಪೇರಿಯವರು 30 ಎಂದರೆಂದುಕೊಳ್ಳಿ, ಉಳಿದದ್ದು 70. ಲಗ್‌ಗಳ ಅಸಮಾನತೆಗೆ 8, ಮುಳ್ಳಿನ ಲೇಪಕ್ಕೆ 4, ಡಯಲ್ ಚುಕ್ಕೆಗೆ 5. ಅಲ್ಲಿಗೆ 53. ಸಾಗಣೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು 3 ಹಿಡಿದರೆ 50ರಿಂದ ಮಾತು ಶುರು ಮಾಡಿ, 55 ದಾಟಬೇಡಿ. ಸ್ಟೆಮ್ ಹತ್ತಿರ ತುಕ್ಕು ಕಂಡರೆ ಈ ಲೆಕ್ಕವನ್ನೇ ಬದಿಗಿಡಿ, ಎಷ್ಟು ಭಾಗ ಬದಲಿಸಬೇಕು ಎಂದು ಬಿಚ್ಚದೆ ಹೇಳಲಾಗದು.

ನಿಧಾನಮುಳ್ಳು

ಅವರು ಕೇಳುತ್ತಿರುವುದು 80ರ ಲೆಕ್ಕಕ್ಕೆ ಬರುತ್ತೆ.

ಕೇಸ್‌ಕಾವಲು

ಹಾಗಿದ್ದರೆ ಕಂಡದ್ದನ್ನೇ ಬರೆದು ಕಳಿಸಿ: 49ರಲ್ಲಿ ಅಳೆದರೆ 227 ಬರುತ್ತದೆ, ಬಿಲ್ ಇಲ್ಲ, ರೋಟರ್ ಕವರಿಗೆ ತಾಗುತ್ತಿದೆ, ಮುಳ್ಳಿನ ಲೇಪ ಹೊಸದು, ಎಡಗಡೆ ಲಗ್ ಸವೆದಿದೆ. ವಾಚನ್ನು ಹೀಗಳೆಯಬೇಡಿ, ಸಂಖ್ಯೆ ಮಾತ್ರ ಕೊಡಿ. ಸ್ಟೆಮ್ ಹತ್ತಿರದ ಫೋಟೊ ಮತ್ತು 24 ಗಂಟೆ ಅಂತರದ ಎರಡು ಫೋಟೊ ಅದೇ ಸಂದೇಶದಲ್ಲಿ ಕೇಳಿ. ಅವರು 65ಕ್ಕೆ ಇಳಿದರೂ ಬೇಡ. ಇದೇ ಕ್ಯಾಲಿಬರಿನ ಸ್ಟೀಲ್ ಸೀಮಾಸ್ಟರ್ ಅಪರೂಪದ್ದಲ್ಲ, ಮತ್ತೊಂದು ಬರುತ್ತದೆ.

ಬ್ಯಾಲೆನ್ಸ್‌ವೀಲ್

ಹುಡುಕುವಾಗ ಸೀಮಾಸ್ಟರ್ ಡಿ ವಿಲ್ ಕೂಡ ಸಿಗುತ್ತೆ, 166.020 ಥರದ್ದು. ಅದಕ್ಕೆ ಬ್ಯಾಕ್ ಕವರ್ ತೆಗೆಯೋಕೆ ಬರಲ್ಲ, ಕೇಸ್ ಒಂದೇ ತುಂಡು. ಗಾಜು ತೆಗೆದು ಮುಂದಿನಿಂದ ಮೆಷಿನ್ ಎತ್ತಬೇಕು, ಸ್ಟೆಮ್ ಎರಡು ತುಂಡಿನದು. ಮಾರುವವರು "ತೆರೆಯೋಕೆ ಆಗಲ್ಲ" ಅಂದರೆ ಅದೊಂದರಲ್ಲಿ ನಂಬಬಹುದು. ಆದರೆ ಮೆಷಿನ್ ನೋಡದೆ ಕೊಳ್ಳೋದಾದರೆ ಸರ್ವಿಸ್ ಪೂರ್ತಿ ಕಳೆದೇ ಬೆಲೆ ಹೇಳಿ, ವಾಪಸ್ ಕೊಡೋ ಅವಕಾಶ ಎಷ್ಟು ದಿನ ಅಂತ ಬರಹದಲ್ಲಿ ತಗೊಳ್ಳಿ.